ದಾರಿ ಬಲ್ಲ ಗಾಡಿ

ಮ್ಯಾಲೀ ಸೀಮೆ, ವಿಕ್ಟೋರಿಯಾ
ಸೋಮವಾರ, 9 ಆಗಸ್ಟ್ 1993

ಪ್ರೀತಿಯ ತಮ್ಮಾ ರಸೆಲ್,

ಹೇಗಿದ್ದೀಯ? ಗಣಿಯ ದೂಳಿಗೆ ಹತ್ತಿದ ಕೆಮ್ಮು ಇಳಿಯಿತೇ? ಕಾಲ್ಗೂರ್ಲಿಯಲ್ಲಿ ಚಿನ್ನ ಅಗೆಯುವವನು ಅಪ್ಪನ ಮಣ್ಣಿಗೆ ಬರಲಿಲ್ಲವೆಂದು ನಾನು ಮುನಿದಿಲ್ಲ. ಪಾಳಿ ಬಿಡಿಸಿಕೊಳ್ಳುವುದು ಕಷ್ಟ, ಗೊತ್ತು. ಮುನಿದಿರುವುದು ನೀನು ಬರದೆ ಕಳಿಸಿದ ಭಾಷಣಕ್ಕೆ.

ಮಣ್ಣು ಮುಗಿಸಿ ಎಲ್ಲರೂ ಫುಟ್‌ಬಾಲ್ ಕ್ಲಬ್ಬಿಗೆ ಹೋದೆವು. ಕುಡಿದೇ ಸತ್ತವನಿಗೆ ಕುಡಿದೇ ವಿದಾಯ, ನಮ್ಮೂರಿನ ಶಾಸ್ತ್ರ ನಿನಗೆ ಗೊತ್ತಲ್ಲ. ಕ್ಲಬ್ಬಿನ ಅಧ್ಯಕ್ಷ ಕೀತ್ ಬಿಯರ್ ಲೋಟ ಕೆಳಗಿಟ್ಟು (ಅವನ ಮಟ್ಟಿಗೆ ಅದೇ ಶೋಕಾಚರಣೆ) ನಿನ್ನ ಕಾಗದ ಓದಿದ: "ನಮ್ಮಪ್ಪ ಎಷ್ಟೇ ಕುಡಿದರೂ ಒಂದು ಶನಿವಾರವೂ ಮನೆ ತಪ್ಪಲಿಲ್ಲ. ಅವನ ಪಿಕಪ್ ಗಾಡಿಗೇ ದಾರಿ ಗೊತ್ತಿತ್ತು!" ಜನ ಮೇಜು ಕುಟ್ಟಿ ನಕ್ಕರು. "ಮರ್ವ್ ಅಂದ್ರೆ ಮರ್ವ್ ಕಣ್ರೋ!" ಎಂದು ಅಪ್ಪನ ಹೆಸರು ಹಿಡಿದು ಯಾರೋ ಕಣ್ಣೊರೆಸಿಕೊಂಡರು. ಊರಿನ ಚಪ್ಪಾಳೆ ನಿನಗೆ ಅಷ್ಟು ದೂರಕ್ಕೂ ಬೇಕಾಯಿತೇ?

ಊರು ಹಾಗೆ ಹೇಳಲಿ. ಆ ಶನಿವಾರಗಳಲ್ಲಿ ಊರು ಕ್ಲಬ್ಬಿನ ಒಳಗಿತ್ತು. ನೀನು ಹೊರಗೆ, ಗಾಡಿಯಲ್ಲಿ, ನನ್ನ ಪಕ್ಕದಲ್ಲಿದ್ದೆ. ಅಮ್ಮ ತೀರಿಕೊಂಡ ವರ್ಷ. ನನಗೆ ಹನ್ನೊಂದು, ನಿನಗೆ ಏಳು. ಕೈಗೆ ಚಿಪ್ಸ್ ಪೊಟ್ಟಣ ತುರುಕಿ "ಐದೇ ನಿಮಿಷ ಕಣ್ರೋ ಮಕ್ಕಳಾ" ಎಂದು ಒಳಹೋದ ಅಪ್ಪನ ಐದು ನಿಮಿಷ ಹೊತ್ತು ಮುಳುಗಿದರೂ ಮುಗಿಯುತ್ತಿರಲಿಲ್ಲ. ಕುಡುಕನ ಕುಡಿಗಳು ಬೇಗ ಬಲಿಯಬೇಕು ಕಣೋ. ಅಪ್ಪನನ್ನು ಗೋಧಿ ಮೂಟೆಯಂತೆ ಪಕ್ಕಕ್ಕೊರಗಿಸಿ, ದಿಂಬಿನ ಮೇಲೆ ಕೂತು, ಕಾಲು ನಿಲುಕದಾಗ ನಿಂತೇ ಬ್ರೇಕ್ ಒತ್ತಿ, ಹನ್ನೆರಡು ಮೈಲಿ ಓಡಿಸಿದವಳು ನಾನು. ಇಳಿದಿಳಿದು ಹೊಲದ ಮೂರು ಗೇಟು ತೆಗೆದು ಮುಚ್ಚಿದವನು ನೀನು. ಒಂದು ಕಾಂಗರೂವಿಗೂ ತಾಗಿಸಲಿಲ್ಲ. "ಅಕ್ಕಾ, ಅಪ್ಪಂಗಿಂತ ನೀನೇ ಚೆನ್ನಾಗಿ ಓಡಿಸ್ತೀಯ ಕಣೇ" ಅನ್ನುತ್ತಿದ್ದೆ. ಆ ಒಂದು ಮಾತಿನ ಮೇಲೆ ಇಷ್ಟು ವರ್ಷ ಬದುಕಿದೆ, ಹುಚ್ಚಿ.

ಅಪ್ಪ ಕುಡಿದು ಮರೆತ, ಕ್ಷಮಿಸಿದೆ. ನೀನು ತೊಟ್ಟೂ ಕುಡಿಯದೆ ಮರೆತೆಯಲ್ಲೋ!

ಕೆಮ್ಮಿಗೆ ಜೇನು ನೆಕ್ಕು. ನಿನ್ನ ಮಕ್ಕಳಿಗೆ ಅತ್ತೆಯ ಮುತ್ತು.

ನಿನ್ನ ಅಕ್ಕ,
ಗ್ಲೆನಿಸ್

ಅಂಚೆ ಗಾಡಿ ಬಂದೇಬಿಟ್ಟಿತು, ಬೇಗ ಬರೆಯುತ್ತೇನೆ: ಅಂದು ನಾನು ಕ್ಲಬ್ಬಿನಲ್ಲೇ ಎದ್ದು "ಓಡಿಸಿದ್ದು ನಾನು" ಅಂದೆ. ಇನ್ನೂ ಜೋರಾಗಿ ನಕ್ಕರು. "ನೀನೂ ಅಪ್ಪನ ಹಂಗೇ ತಮಾಷೆ ಕಣಮ್ಮಾ" ಅಂದ ಕೀತ್. ನಿನ್ನ ಆ ಸಾಲನ್ನು ಹಿತ್ತಾಳೆಯಲ್ಲಿ ಕೆತ್ತಿಸಿ ಬಾರಿನ ಗೋಡೆಗೆ ಹಾಕುತ್ತಾರಂತೆ. ಒಪ್ಪಿಗೆ ಕೇಳಲು ಭಾನುವಾರ ಕೀತ್ ನಿನಗೆ ಫೋನ್ ಮಾಡುತ್ತಾನೆ. ನನಗಿರುವ ಸಾಕ್ಷಿ ನೀನೊಬ್ಬನೇ, ರಸೆಲ್. ಯಾರು ಓಡಿಸಿದ್ದೆಂದು ಅವನಿಗೆ ಹೇಳು. ಬಾಯಿ ಬರದಿದ್ದರೆ ಫೋನ್ ಎತ್ತಬೇಡ, ಅಷ್ಟಾದರೂ ಮಾಡು.