ಫೋನ್ ಮಾಡಿದ್ದು ಮಾತ್ರೆಯೋ, ನಾನೋ

ಮಾರ್ಚ್ 4, ಬೆಳಗ್ಗೆ

ಮತ್ತೆ ಬಿಚ್ಚಿದೆ. ಈ ಸಲ ದಿಂಬಿನ ಕವರುಗಳು. ಹೊಲಿಗೆ ಗಟ್ಟಿಯಾಗಿಯೇ ಇತ್ತು, ನಾನೇ ಹಾಕಿದ್ದು. ಆದರೂ ಕತ್ತರಿ ಹಿಡಿದು ಬಿಚ್ಚಿದೆ, ಮತ್ತೆ ಹೊಲಿದೆ. ಗಿರಾಕಿಯ ಕೋಟು ಮೆಷಿನ್ ಮೇಲೆ ಹಾಗೇ ಬಿದ್ದಿದೆ. ಕೈ ನಡುಕಕ್ಕೆ ಮಾತ್ರೆ ಶುರುವಾದಾಗಿನಿಂದ ನಡುಕ ನಿಂತಿದೆ, ಮನಸ್ಸು ನಿಲ್ಲುತ್ತಿಲ್ಲ.

ಯಜಮಾನರು ಬಾಗಿಲಲ್ಲಿ ನಿಂತು, "ನನ್ನ ಪ್ಯಾಂಟ್ ಒಂದನ್ನ ಬಿಡೇ, ಕೈ ಮುಗೀತೀನಿ" ಎಂದರು. ನಗು ಬಂತು. ಆಮೇಲೆ ಭಯ... ಹುಚ್ಚು ಹಿಡಿಯುತ್ತಿದೆಯೇ ನನಗೆ?

ಒಂದು ಒಳ್ಳೆಯದೂ ಆಗಿದೆ. ಹೋದ ತಿಂಗಳು ಅಕ್ಕನಿಗೆ ಫೋನ್ ಮಾಡಿಬಿಟ್ಟೆ. ಅಮ್ಮ ಹಾಸಿಗೆ ಹಿಡಿದು ತೀರಿಹೋಗುವವರೆಗೆ ಒಂದು ದಿನವೂ ಬಾರದವಳು. ಅವಳ ಮುಖ ನೋಡಲ್ಲ ಎಂದು ವರ್ಷಗಟ್ಟಲೆ ಹಟ ಹಿಡಿದಿದ್ದೆ. ಈಗ ದಿನಾ ಮಾತು.

ಮಾರ್ಚ್ 7

ಡಾಕ್ಟರ್ ಹೇಳಿದರು: "ಇದು ನೀವಲ್ಲಮ್ಮ, ಮಾತ್ರೆ. ಕೆಲವರಿಗೆ ಹೀಗಾಗುತ್ತೆ. ಇಲ್ಲದ ಆಸೆ ಹುಟ್ಟುತ್ತೆ, ತಡೆಯೋಕಾಗಲ್ಲ. ಡೋಸ್ ಕಮ್ಮಿ ಮಾಡೋಣ."

ಎದೆ ಹಗುರಾಯಿತು. ಹುಚ್ಚಲ್ಲ! ಬಸ್ಸಿನಲ್ಲೇ ಅಕ್ಕನಿಗೆ ನಗುತ್ತಾ ಹೇಳಿದೆ. ಅವಳು ಕೇಳಿದಳು: "ಹಾಗಾದ್ರೆ ನನಗೆ ಫೋನ್ ಮಾಡಿದ್ದೂ ಮಾತ್ರೆನೇನಾ?"

ಸ್ಟಾಪ್ ಬಂತು ಎಂದು ಸುಳ್ಳು ಹೇಳಿ ಫೋನ್ ಇಟ್ಟೆ.

ಮಾರ್ಚ್ 8

ಹಟ ಹಿಡಿದವಳು ನಾನು. ಕ್ಷಮಿಸಿದವಳು ಯಾರು? ಯಜಮಾನರನ್ನು ಕೇಳಿದೆ.

"ಹಸಿದ್ರೆ ಬೈತೀಯ, ಊಟ ಆದ್ಮೇಲೆ ನಗ್ತೀಯ. ಈ ಇಬ್ಬರಲ್ಲಿ ನನ್ನ ಹೆಂಡತಿ ಯಾರು ಅಂತ ಯಾವತ್ತಾದ್ರೂ ಕೇಳಿದೀನಾ?"

ತಮಾಷೆಯೇ. ಆದರೂ ಅದನ್ನೇ ಮೆಲುಕು ಹಾಕುತ್ತಿದ್ದೇನೆ.

ಮಾರ್ಚ್ 29

ಡೋಸ್ ಕಮ್ಮಿಯಾದ ಮೇಲೆ ಕತ್ತರಿ ಕಂಡರೂ ಕೈ ಹೋಗುವುದಿಲ್ಲ. ನಡುಕ ಸ್ವಲ್ಪ ಮರಳಿದೆ. ಕೋಟು ಮುಗಿಸಿ ಕೊಟ್ಟೆ.

ಸಿಟ್ಟೂ ಮರಳಿದೆ. ಬೂದಿ ಮುಚ್ಚಿದ ಕೆಂಡ. ಅಕ್ಕನಿಗೆ ಫೋನ್ ಮಾಡಬೇಕು ಅನ್ನಿಸುತ್ತಲೇ ಇಲ್ಲ. ಅವಳೂ ಮಾಡಿಲ್ಲ — ಕಾಯುತ್ತಿದ್ದಾಳೆ, ಗೊತ್ತು. ಇರುವವಳು ಒಬ್ಬಳೇ ಅಕ್ಕ. ಮತ್ತೆ ಕಳೆದುಕೊಂಡುಬಿಡುತ್ತೇನೆ ಎಂದು ಹೆದರಿಕೆ.

ಏಪ್ರಿಲ್ 2, ಸಂಜೆ

ಫೋನ್ ಮಾಡಿದೆ. ಮೊದಲ ಸಲ ಬೆರಳು ತಾನಾಗಿ ಓಡಿತ್ತು. ಇವತ್ತು ನಂಬರ್ ಒತ್ತುವಷ್ಟರಲ್ಲಿ ಸಾಕುಸಾಕಾಯಿತು. ಅವಳು "ಹಲೋ" ಅನ್ನುತ್ತಲೇ ಅಮ್ಮನ ವಿಷಯ ಎತ್ತಿ ಹಿಗ್ಗಾಮುಗ್ಗಾ ಬೈದೆ.

ಆ ಕಡೆ ಅಳು. "ಅಮ್ಮನ್ನ ಆ ಸ್ಥಿತೀಲಿ ನೋಡೋಕೆ ಹೆದರಿಬಿಟ್ಟೆ ಕಣೇ." ಆಮೇಲೆ ಮೂಗೆಳೆದುಕೊಂಡು ನಗು! "ಅಬ್ಬಾ, ಅಂತೂ ಬೈದ್ಯಲ್ಲ! ನೀನು ಜೇನು ಸುರಿಸೋ ಹಾಗೆ ಮಾತಾಡ್ತಿದ್ದೆ, ನನಗೆ ಆಗಲೇ ಅನುಮಾನ ಇತ್ತು. ಇವಳು ನನ್ನ ತಂಗಿ."

"ಸಿಟ್ಟು ಹೋಗಿಲ್ಲ."

"ಇರ್ಲಿ ಬಿಡು. ನಾಳೆ ಬರ್ಲಾ?"

"ಬಾ" ಎಂದೆ. ಮಾತ್ರೆ ಅನ್ನಿಸಿದ್ದಲ್ಲ, ನಾನೇ ಅಂದದ್ದು. ಎಷ್ಟು ನಿರಾಳ, ದೇವರೇ.

ಏಪ್ರಿಲ್ 3, ಬೆಳಗ್ಗೆ

ದಿಂಬಿನ ಕವರು ಬದಲಿಸಿದೆ. ಬಿಚ್ಚಲಿಲ್ಲ! ಯಜಮಾನರು ಹೊಸ ಪ್ಯಾಂಟ್ ಹಾಕಿಕೊಂಡು ಧೈರ್ಯವಾಗಿ ಓಡಾಡುತ್ತಿದ್ದಾರೆ. ಸಿಟ್ಟು ಸ್ವಲ್ಪ ಇದೆ, ಇರಲಿ. ಅಕ್ಕ ಬಂದ ಕೂಡಲೇ ಕೇಳಬೇಕಾದ್ದು ಬಹಳ ಇದೆ...

ಬೆಲ್ ಆಯಿತು. ಯಜಮಾನರು ಏಳುತ್ತಿದ್ದಾರೆ. ಬೇಡ, ಬಾಗಿಲು ನಾನೇ —