ಕೂಲಿ ನಾಕಾದಲ್ಲಿ ಕಿತ್ತ ಟೈಲ್ಸು

ಬೀದರ, ಜೂನ್ ೨೦೧೬

ಬೀದರ ನಗರದ ಅಂದ ಹೆಚ್ಚಿಸುವ ಹೊಣೆ ಹೊತ್ತ ಅಧಿಕಾರಿಗಳಿಗೆ,

ಮಾನ್ಯರೇ, ಕೂಲಿ ನಾಕಾದ ಟೈಲ್ಸು ಕಿತ್ತು ಸರ್ಕಾರಿ ಆಸ್ತಿಗೆ ಹಾನಿ ಮಾಡಿದ್ದೇನೆಂದು ನೀವು ಕಳಿಸಿದ ನೋಟಿಸು ತಲುಪಿತು. ಕಿತ್ತದ್ದು ನಿಜ. ಏಕೆ ಕಿತ್ತೆನೆಂದು ಕೂಡಲೇ ತಿಳಿಸಬೇಕೆಂದಿದ್ದೀರಿ. ನಿಮ್ಮೊಬ್ಬರಿಗೇ ಹೇಳಿದರೆ ಉತ್ತರ ಕಡತದಲ್ಲಿ ಮಲಗೀತೆಂದು ಊರಿಗೆಲ್ಲ ಕೇಳುವಂತೆ ಈ ಬಹಿರಂಗ ಪತ್ರದಲ್ಲಿ ಹೇಳುತ್ತಿದ್ದೇನೆ.

ಆ ನಾಕಾದ ಎದುರಿಗೇ ನನ್ನ ಹಿಟ್ಟಿನ ಗಿರಣಿ. ಭಾಲ್ಕಿ ತಾಲೂಕಿನ ಭಾತಂಬ್ರಾದಿಂದ ಮದುವೆಯಾಗಿ ಬಂದಂದಿನಿಂದ ಅಲ್ಲಿನ ಮೂರು ಬೇವಿನ ಗಿಡಗಳನ್ನು ನೋಡುತ್ತ ಬಂದವಳು ನಾನು. ಈ ಎರಡು ವರ್ಷದ ಬರದಲ್ಲಿ ಭಾಲ್ಕಿ, ಔರಾದ ಕಡೆಯಿಂದ ಊರು ಬಿಟ್ಟು ಬಂದವರು, ಕೆಲಸಕ್ಕೆ ಕರೆಯುವವರ ದಾರಿ ಕಾಯುತ್ತ ಅವುಗಳ ಕೆಳಗೇ ಕೂರುತ್ತಿದ್ದರು. ಕಳೆದ ಚಳಿಗಾಲದಲ್ಲಿ ನಿಮ್ಮ ಎಂಜಿನಿಯರ್ ಬಂದರು. "ಎಲಿ ಉದುರಿ ಕಸ ಆಗ್ಲತ್ತದರಿ ಅಮ್ಮಾ, ಜಾಗ ಚೊಕ್ಕ ಮಾಡ್ಲತ್ತೇವಿ" ಎಂದರು. ಗಿಡಗಳು ಹೋದವು. ಹಿಡಿ ಮಣ್ಣೂ ಕಾಣದಂತೆ ಟೈಲ್ಸು ಬಂತು. ಜಾಗ ಎಷ್ಟು ಚೊಕ್ಕವಾಯಿತೆಂದರೆ ಮಧ್ಯಾಹ್ನ ಅಲ್ಲಿ ನಾಯಿಯೂ ನಿಲ್ಲಲಿಲ್ಲ.

ಏಪ್ರಿಲ್‌ನಲ್ಲಿ ಅದೇ ಜಾಗದಲ್ಲಿ ನೀವು ಹಸಿರು ಜಾಗೃತಿ ಸಭೆ ನಡೆಸಿದಿರಿ. ನೆರಳಿಗೆಂದು ಶಾಮಿಯಾನಾ ಹಾಕಿಸಬೇಕಾಯಿತು. ರಸ್ತೆ, ಚರಂಡಿಯಷ್ಟೇ ಗಿಡವೂ ತೆರೆದ ಮಣ್ಣೂ ನಗರಕ್ಕೆ ಅಗತ್ಯ, ಅವು ಬಿಸಿಲು ತಗ್ಗಿಸುತ್ತವೆ, ಮಳೆನೀರು ಇಂಗಿಸುತ್ತವೆ ಎಂದು ನಿಮ್ಮ ಭಾಷಣಕಾರರು ಚೆನ್ನಾಗಿಯೇ ವಿವರಿಸಿದರು. ಜನರಲ್ಲಿ ಅರಿವಿಲ್ಲವೆಂದು ಮರುಗಿದರು. ಯಾವ ಜನರಲ್ಲಿ, ಮಾನ್ಯರೇ? ಶಾಮಿಯಾನಾದೊಳಗೆ ಅತಿಥಿಗಳು ಕುಳಿತಿದ್ದರಿಂದ ಕೂಲಿಯವರು ಹೊರಗೆ, ಬಿಸಿಲಿಗೆ ಕಾದ ಟೈಲ್ಸಿನ ಮೇಲೆ ನಿಂತಿದ್ದರು. ಅವರಲ್ಲಿ ಠಾಣಾ ಕುಶನೂರಿನ ಜಿಜಾಬಾಯಿಯೂ ಒಬ್ಬಳು, ಐದು ತಿಂಗಳ ಬಸುರಿ. ಗಿರಣಿಯೊಳಗೆ ಬಂದು ಕೂಡು ಎಂದು ಕರೆದೆ. "ಬ್ಯಾಡ್ರಿ ಅಕ್ಕಾ, ಕೆಲಸಕ್ಕ ಕರಿಯೋರು ಬಂದ್ರ ನಾ ಕಾಣಂಗಿಲ್ಲ" ಎಂದಳು. ಸ್ವಲ್ಪ ಹೊತ್ತಿನಲ್ಲೇ ಕುಸಿದಳು. ಗಂಡ ಏಕನಾಥ ಎತ್ತಿದಾಗ ಅವಳ ಕೆನ್ನೆ, ಅಂಗೈ ಸುಟ್ಟು ಬೊಬ್ಬೆ ಎದ್ದಿದ್ದವು. ನಮ್ಮ ಓಣಿಯ ಮಕ್ಸೂದ ತನ್ನ ಆಟೋದಲ್ಲಿ ಆಸ್ಪತ್ರೆಗೆ ಒಯ್ದ. ಭಾಷಣ ನಿಲ್ಲಲಿಲ್ಲ. ಜಿಜಾಬಾಯಿ ಉಳಿದಳು, ಕೂಸು ಉಳಿಯಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಅವಳನ್ನು ನನ್ನ ಪಡಸಾಲೆಯಲ್ಲೇ ಮಲಗಿಸಿಕೊಂಡೆ. ಒಂದು ಬೆಳಿಗ್ಗೆ ಏಕನಾಥ ಹಾರೆ ಹಿಡಿದು ಬಂದ.

"ಅಕ್ಕಾ, ನಾಕಾದಾಗ ಟೈಲ್ಸ ಕಿತ್ತು ಗಿಡ ಹಚ್ತೇನ್ರಿ. ಯಾರರ ಕೇಳಿದ್ರ ನನ್ನ ಹೆಸರ ಹೇಳ್ರಿ."

"ನಿನ್ನ ಹೆಸರ ಯಾಕ ಹೇಳ್ಲಿ? ಈ ಊರಾಗ ಇರಾಕಿ ನಾ" ಎಂದು ಹಾರೆ ಇಸಿದುಕೊಂಡು ಮೊದಲ ಟೈಲ್ಸು ನಾನೇ ಎಬ್ಬಿಸಿದೆ. ಮೂರು ಬೇವಿನ ಸಸಿ ಹಚ್ಚಿದೆವು. ಮೇ ಕೊನೆಗೆ ಒಂದೇ ಒಂದು ಅಬ್ಬರದ ಮಳೆ ಬಿತ್ತು. ಸಸಿಗಳ ಬುಡ ಬಿಟ್ಟರೆ ಇಂಗಲು ಮಣ್ಣಿಲ್ಲದೆ ನಾಕಾದ ನೀರೆಲ್ಲ ಗಿರಣಿಗೆ ನುಗ್ಗಿ ಜನರ ಜೋಳದ ಚೀಲಗಳು ತೊಯ್ದವು. ಮರುದಿನ ನಾವು ಅದೇ ಓಣಿಯವರು ಕುಡಿಯುವ ನೀರಿಗಾಗಿ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತೆವು. ಇದನ್ನು ಯಾವ ಭಾಷಣದಲ್ಲಿ ವಿವರಿಸುತ್ತೀರಿ? ಆ ವಾರವೇ ಏಕನಾಥ, ಜಿಜಾಬಾಯಿ ಹೈದರಾಬಾದಿಗೆ ಹೋದರು. ಅಲ್ಲಿ ಎಲ್ಲಿ ನಿಂತು ಕೆಲಸಕ್ಕೆ ಕಾಯುತ್ತಿದ್ದಾರೋ ತಿಳಿಯದು. ಬಿಸಿಲೇರಿದಂತೆ ನನಗೆ ಒಂದು ಕಡೆ ಕೂರಲಾಗುವುದಿಲ್ಲ.

ಸಸಿ ತೆಗೆದು ಟೈಲ್ಸು ಮೊದಲಿನಂತೆ ಕೂಡಿಸಲು ಹೇಳಿದ್ದೀರಿ. ಕೂಡಿಸುವುದಿಲ್ಲ. ಉಳಿದ ಟೈಲ್ಸನ್ನೂ ನೀವು ತೆಗೆಸಬೇಕು. ಗಿಡ ಬೆಳೆಯುವ ತನಕ ಅಲ್ಲೊಂದು ಚಪ್ಪರ, ಕುಡಿಯಲು ನೀರು ಬೇಕು. ಇನ್ನು ಮುಂದೆ ಯಾವ ಗಿಡ ಕಡಿಯುವ ಮೊದಲೂ ಅದರ ಕೆಳಗೆ ಕೂರುವವರನ್ನು ಕೇಳಬೇಕು. ಸಸಿ ಕೀಳಲೆಂದೇ ನಿಮ್ಮ ಜನ ಬರುವುದಾದರೆ ಹಗಲು ಹೊತ್ತಿನಲ್ಲಿ ಬರಲಿ. ಗಿರಣಿ ಬಂದ್ ಮಾಡಿ ನಾನು ಅಲ್ಲೇ ಕುಳಿತಿರುತ್ತೇನೆ.

ಇಂತಿ,
ನಿಮ್ಮ ಸಭೆಯಲ್ಲಿ ಕೇಳಿದ್ದನ್ನು ನಿಜವೆಂದು ನಂಬಿ ಅಪರಾಧಿಯಾದ,
ವಿಮಲಾಬಾಯಿ
ಹಿಟ್ಟಿನ ಗಿರಣಿ, ಕೂಲಿ ನಾಕಾ ಎದುರು, ಬೀದರ