ಮುರಿದ ವಡೆ

ಗಂಗಾ,

ನಿನ್ನೆ ಮಹಾಲಯ ಅಮಾವಾಸ್ಯೆ. ನೀನು ಕೇಳುತ್ತಿದ್ದ ಹಸಿರು ಸೀರೆಯನ್ನು ಕೊನೆಗೂ ಮಧುಗಿರಿಯಿಂದ ತಂದೆ. ಅದನ್ನಿಟ್ಟು, ವಡೆ ಪಾಯಸದ ಎಡೆಯಿಟ್ಟು, ನೀನು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿದೆ.

ಪ್ರತಿವರ್ಷ ನಾನೇ ಕದ್ದು ಒಳಹೋಗಿ ಒಂದು ವಡೆಯ ಅಂಚು ಮುರಿದು ಬರುತ್ತಿದ್ದೆ. ಆಮೇಲೆ ನಮ್ಮ ಲಿಖಿತಾ, “ಅಮ್ಮ ತಿಂದೈತೆ!” ಎಂದು ಕುಣಿಯುತ್ತಿದ್ದಳು. ಈಗ ಅವಳಿಗೆ ಎಂಟು ವರ್ಷ. ನಿನ್ನೆ ನನಗೆ ಮನಸ್ಸಾಗಲಿಲ್ಲ, ಜಗಲಿಯಲ್ಲೇ ಕೂತುಬಿಟ್ಟೆ.

ಬಾಗಿಲು ತೆರೆದಾಗ ವಡೆ ಮುರಿದಿತ್ತು.

“ನೋಡಪ್ಪ, ಅಮ್ಮ ಬಂದಿತ್ತು,” ಎಂದಳು. ಅವಳ ಕಣ್ಣು ವಡೆಯ ಮೇಲಿರಲಿಲ್ಲ, ನನ್ನ ಮುಖದ ಮೇಲಿತ್ತು. ಅವಳ ಬೆರಳಿಗೆ ಎಣ್ಣೆ ಹತ್ತಿತ್ತು.

“ಊಂ ಕಣಮ್ಮ, ಬಂದಿತ್ತು,” ಎಂದೆ.

ನೀನು ಬರುತ್ತೀಯೆಂದು ಈ ಮನೆಯಲ್ಲಿ ನಂಬಿದ್ದವಳು ಅವಳೊಬ್ಬಳೇ.